ಸೌಲಭ್ಯವಿರುವ ಕಡೆ

ರುಫಿನಾ ನಮ್ಮ ಸಂಘಕ್ಕೆ ಮೊದಲ ಸಲ ಬಂದದ್ದು ಒಂದು ಶನಿವಾರ, ಮಾರುಕಟ್ಟೆಯಿಂದ ನೇರವಾಗಿ. ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಬಿಲುಮ್ ಚೀಲದಲ್ಲಿ ಮಾರಾಟವಾಗದೆ ಉಳಿದ ಗೆಣಸು, ಬಾಯಲ್ಲಿ ಅಡಿಕೆ. ಸಂಘ ಅಂದರೆ ರಾಜಧಾನಿ ಪೋರ್ಟ್ ಮೋರ್ಸ್‌ಬಿಯ ಒಂದು ಚರ್ಚಿನ ಹಿಂದಿನ ತಗಡಿನ ಕೋಣೆ, ಒಂದು ಕಂಪ್ಯೂಟರು, ಆರು ಪ್ಲಾಸ್ಟಿಕ್ ಕುರ್ಚಿ, ಮತ್ತು ಎಚ್‌ಐವಿ ಇರುವ ನಾವೊಂದು ಮೂವತ್ತು ಜನ. ನಾನು ಅಲ್ಲಿನ ಟೈಪಿಸ್ಟ್, ಹೆಸರು ಮೊರಿಯಾ. ಮೊದಲು ಹಡಗಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದೆ. ರಕ್ತಪರೀಕ್ಷೆಯ ಸುದ್ದಿ ಹೊರಬಿದ್ದ ಮೇಲೆ ಅಲ್ಲಿ ಯಾರೂ ನಾನು ಮುಟ್ಟಿದ ಲೋಟ ಮುಟ್ಟಲಿಲ್ಲ. ನಾನೇ ಬಿಟ್ಟು ಬಂದೆ.

"ನೀನೇನಾ ಟೈಪ್ ಮಾಡೋನು?" ಅಂದಳು.

"ಹೌದಕ್ಕ."

"ಸಮುದ್ರದ ಕಡೆಯೋನ ಥರ ಕಾಣ್ತೀಯ. ನೀರಿನ ಮೇಲೆ ಮನೆ ಕಟ್ಕೊಂಡಿರೋ ಜನ. ಬೆಟ್ಟ ಹತ್ತೋದು ಅಂದ್ರೇನು ಅಂತ ಗೊತ್ತಾ ನಿಂಗೆ?"

"ಬಸ್ಸು ಹತ್ತೋದು ಗೊತ್ತು."

ಅವಳು ನಗಲಿಲ್ಲ, ಆದರೆ ಕುರ್ಚಿ ಎಳೆದುಕೊಂಡು ಕೂತಳು. "ಹಾಗಾದ್ರೆ ನಾನು ಹೇಳ್ದಂಗೇ ಬರಿ. ಚಂದ ಮಾಡಕ್ಕೆ ಹೋಗ್ಬೇಡ."

ಅವಳು ಸಿಂಬು ಬೆಟ್ಟಗಳ ಹೆಂಗಸು. ಊರು ಮಿಯಾರಿ. ಅಲ್ಲಿಗೆ ರಸ್ತೆಯಿಲ್ಲ. ಹನ್ನೆರಡು ವರ್ಷದ ಹಿಂದೆ ಬಸುರಿಯಾಗಿದ್ದಾಗ ಊರಿನ ಆರೋಗ್ಯ ಉಪಕೇಂದ್ರದಲ್ಲಿ ರಕ್ತ ನೋಡಿ, ಸೋಂಕಿದೆ, ಮಾತ್ರೆ ಪಟ್ಟಣದಲ್ಲಿ ಸಿಗುತ್ತೆ, ಹೋಗು ಅಂದರು. ಎರಡು ದಿನದ ನಡಿಗೆ. ಏಳು ತಿಂಗಳ ಹೊಟ್ಟೆ ಹೊತ್ತು ಹೊರಟವಳಿಗೆ ದಾರಿಯಲ್ಲೇ ಹೆರಿಗೆಯಾಯಿತು. ಮಗಳಿಗೆ ಬರ್ನಡೆಟ್ ಅಂತ ಹೆಸರಿಟ್ಟರು. ಹದಿನಾಲ್ಕು ತಿಂಗಳು ಬದುಕಿತ್ತು. ಆಮೇಲೆ ಗಂಡನೂ ಹೋದ. ಗಂಡನ ಕಡೆಯವರು ಇವಳೇ ಮಾಟ ಮಾಡಿ ಇಬ್ಬರನ್ನೂ ತಿಂದಳು ಅಂತ ಕತ್ತಿ ಹಿಡಿದು ಬಂದಾಗ ಒಬ್ಬ ಪಾದ್ರಿ ಇವಳನ್ನು ವಿಮಾನ ಹತ್ತಿಸಿ ಇಲ್ಲಿಗೆ ಕಳಿಸಿದ.

ಇದನ್ನೆಲ್ಲ ಅವಳು ಗೆಣಸಿನ ಮಣ್ಣು ಕೆರೆಯುತ್ತ ಹೇಳಿದಳು. ಕೊನೆಗೆ, "ನನ್ನ ಮಗೂಗೆ ಬೇಕಾಗಿದ್ದು ಒಂದು ಡಬ್ಬಿ ಮಾತ್ರೆ. ರಕ್ತ ನೋಡಿದ ಮನೇಲೇ ಇರಬೇಕಾಗಿತ್ತು. ಅಷ್ಟನ್ನ ಬರಿ," ಅಂದಳು.

ಆ ವರ್ಷ ಸರ್ಕಾರ ಎಚ್‌ಐವಿ ತಡೆಗೆ ಹೊಸ ರಾಷ್ಟ್ರೀಯ ನೀತಿ ಬರೆಯಲು ಹೊರಟಿತ್ತು. ಸಮಿತಿಯಲ್ಲಿ ಸೋಂಕಿರುವವರ ಕಡೆಯಿಂದ ಒಬ್ಬರು ಇರಬೇಕು ಅಂತ ನಮಗೆ ಕಾಗದ ಬಂತು. ನಾವು ರುಫಿನಾಳನ್ನು ಕಳಿಸಿದೆವು, ಇಂಗ್ಲಿಷ್ ಓದಿ ಹೇಳಲು ಜೊತೆಗೆ ನನ್ನನ್ನು. ಅವಳಿಗೆ ನಮ್ಮೆಲ್ಲರ ಆಡುಭಾಷೆ ಟೋಕ್ ಪಿಸಿನ್ ಬಿಟ್ಟು ಬೇರೇನೂ ಓದಲು ಬರುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷ ಡಾಕ್ಟರ್ ಕಾನಾವಿ. ಕೆಟ್ಟವನಲ್ಲ. ನಮ್ಮ ಕೈ ಹಿಡಿದು ಕುಲುಕಿ, ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಟೀ ತರಿಸಿದ. ಮೊದಲ ಸಭೆಯಲ್ಲಿ ರುಫಿನಾಳನ್ನು ಅವಳ ಕತೆ ಹೇಳಲು ಕೇಳಿದರು. ಹೇಳಿದಳು. ಇಬ್ಬರು ಕಣ್ಣೊರೆಸಿಕೊಂಡರು. ಎರಡನೆಯ ಸಭೆಗೆ ವಿದೇಶದಿಂದ ಬಂದವರಿದ್ದರು, ಅವರಿಗಾಗಿ ಇನ್ನೊಮ್ಮೆ ಹೇಳಿದಳು. ಅವರೂ ಕಣ್ಣೊರೆಸಿಕೊಂಡರು. ಎರಡು ಸಲವೂ ಆಮೇಲೆ ಪುಟ ತಿರುಗಿಸಿ ಮುಂದಿನ ವಿಷಯಕ್ಕೆ ಹೋದರು.

ಮೂರನೆಯ ಸಭೆಯಲ್ಲಿ ಡಾಕ್ಟರ್ ಮತ್ತೆ, "ರುಫಿನಾ ಅಮ್ಮ, ಹೊಸಬರಿದಾರೆ, ನಿಮ್ಮ ಕತೆ..." ಅಂದ.

"ಎರಡು ಸಲ ಹೇಳಿದೀನಿ ಡಾಕ್ಟ್ರೇ. ಅದು ಹಾಡಲ್ಲ, ಕೇಳ್ದಾಗೆಲ್ಲ ಹಾಡಕ್ಕೆ. ಇವತ್ತು ಕತೆ ತಂದಿಲ್ಲ, ಒಂದು ವಾಕ್ಯ ತಂದಿದೀನಿ. ಮೊರಿಯಾ, ಓದು."

ನಾನು ಎದ್ದು ಓದಿದೆ. ಗರ್ಭಿಣಿಗೆ ಸೋಂಕು ಕಂಡ ದಿನವೇ, ಕಂಡ ಜಾಗದಲ್ಲೇ, ಅಲ್ಲಿನ ಆರೋಗ್ಯ ಕಾರ್ಯಕರ್ತರೇ ಔಷಧ ಆರಂಭಿಸಬೇಕು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಉಪಕೇಂದ್ರದವರಿಗೆ ಆ ಔಷಧ ಕೊಡುವ ಅಧಿಕಾರವಿಲ್ಲ, ತರಬೇತಿಯಿಲ್ಲ, ತಪ್ಪಾದರೆ ಯಾರು ಹೊಣೆ, ಹೀಗೆ.

"ನಾಲ್ಕು ಹಳ್ಳಿಗೆ ಮಲೇರಿಯಾ ಮಾತ್ರೆ ಕೊಡೋನಿಗೆ ಇದೊಂದು ಮಾತ್ರೆ ಕೊಡಕ್ಕೆ ಕೈ ನಡುಗುತ್ತಾ?" ಅಂತ ರುಫಿನಾ ಕೇಳಿದಳು.

ಒಂದೇ ವಾಕ್ಯಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅವಳ ಮಗಳು ಬದುಕಿದ್ದಷ್ಟೇ ತಿಂಗಳು ಅಂತ ನನಗೆ ಆಗ ಹೊಳೆಯಲಿಲ್ಲ, ಅವಳೇ ಒಮ್ಮೆ ಬಸ್ಸಿನಲ್ಲಿ ಹೇಳಿದಳು. ಅಷ್ಟು ದಿನ ಅವಳು ಸುಮ್ಮನೆ ಕೂತಿರಲಿಲ್ಲ. ಮಾರುಕಟ್ಟೆಗೆ ಬೆಟ್ಟದಿಂದ ಬಂದ ಹೆಂಗಸರನ್ನೆಲ್ಲ ಹಿಡಿದು ಮಾತಾಡಿಸಿದಳು. ಬೇರೆ ಪ್ರಾಂತ್ಯಗಳ ಸಂಘಗಳಿಗೆ ನನ್ನಿಂದ ಕಾಗದ ಬರೆಸಿದಳು. ಎಲ್ಲಿ ಪರೀಕ್ಷೆಯಾಯಿತು, ಎಲ್ಲಿಗೆ ಹೋಗು ಅಂದರು, ಎಷ್ಟು ದೂರ, ಹೋದೆಯಾ, ಮಗು ಏನಾಯಿತು. ನಲವತ್ತೊಂದು ತಾಯಂದಿರು ಉತ್ತರ ಕೊಟ್ಟರು. ಪಟ್ಟಣ ಮುಟ್ಟಿದವರು ಒಂಬತ್ತು ಜನ. ಆ ಪಟ್ಟಿಯನ್ನು ಟೈಪ್ ಮಾಡುವಾಗ ನಾನು ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ.

ಅದನ್ನು ನೋಡಿದ ಮೇಲೆ ಡಾಕ್ಟರ್ ಕಾನಾವಿ ಬದಲಾದ. ಅಧಿಕಾರಿಗಳ ಜೊತೆ ಅವನೇ ವಾದಕ್ಕಿಳಿದ. ಮಳೆಗಾಲ ಮುಗಿಯುವ ಹೊತ್ತಿಗೆ ವಾಕ್ಯವನ್ನು ಕರಡಿಗೆ ಸೇರಿಸಿದರು, ಒಂದಕ್ಷರವನ್ನೂ ಮುಟ್ಟದೆ. ಆ ದಿನ ನಾವು ಸಂಘದಲ್ಲಿ ಅನ್ನ, ಕುರಿಯ ಪಕ್ಕೆಮಾಂಸ ಮಾಡಿ ತಿಂದೆವು. ರುಫಿನಾ ಮೂರು ತಟ್ಟೆ ತಿಂದು, "ಇನ್ನು ಸತ್ತರೂ ಪರವಾಗಿಲ್ಲ, ಹೊಟ್ಟೆ ತುಂಬಿದೆ," ಅಂದಳು. ನೀತಿಯ ಪುಸ್ತಕದ ಮುಖಪುಟಕ್ಕೆ ಅವಳ ಫೋಟೋ ತೆಗೆದರು. ಕವಡೆ ಸರ ಹಾಕಿಕೊಳ್ಳಿ ಅಂದದ್ದಕ್ಕೆ, ನಾನು ದಿನಾ ಹಾಕೋದು ಈ ಬ್ಲೌಸು, ಇದರಲ್ಲೇ ತೆಗೀರಿ ಅಂದಳು.

ಆಮೇಲೆ ನಡೆದದ್ದು ನನ್ನ ಕೆಲಸ.

ಮುಂದಿನ ತಿಂಗಳು ಮಿಯಾರಿಯಲ್ಲಿ ಅವಳ ಅಣ್ಣ ತೀರಿಕೊಂಡ. ಗಂಡನ ಕಡೆಯ ಹಿರಿಯರು ಸತ್ತು ಹಳೆಯ ಸಿಟ್ಟು ತಣ್ಣಗಾಗಿತ್ತು. ಅವಳು ಮಣ್ಣಿಗೆ ಅಂತ ಹೋದಳು. ಅಲ್ಲಿ ಫೋನ್ ಹಿಡಿಯುವುದಿಲ್ಲ. ಅವಳು ಹೋದ ವಾರವೇ ಕೊನೆಯ ಕರಡು ನನ್ನ ಕೈಗೆ ಬಂತು, ಶುಕ್ರವಾರದೊಳಗೆ ಸಂಘದ ಒಪ್ಪಿಗೆಯ ಸಹಿ ಬೇಕು ಅಂತ.

ಓದಿದೆ. ನಮ್ಮ ವಾಕ್ಯ ಅಲ್ಲೇ ಇತ್ತು. ಆದರೆ ಅದರ ಮುಂದೆ ಹೊಸದಾಗಿ ಸೇರಿಸಿದ್ದರು: ಸೌಲಭ್ಯ ಮತ್ತು ತರಬೇತಿ ಪಡೆದ ಸಿಬ್ಬಂದಿ ಇರುವ ಕಡೆ, ಹಂತ ಹಂತವಾಗಿ.

ಡಾಕ್ಟರಿಗೆ ಫೋನ್ ಮಾಡಿದೆ.

"ನಾನು ಸೇರಿಸಿದ್ದಲ್ಲ ಮೊರಿಯಾ," ಅಂದ. "ಮೇಲಿನವರು ಸೇರಿಸಿದಾರೆ. ಎಲ್ಲ ಕಡೆ ಕೊಡ್ತೀವಿ ಅಂತ ಬರೆದು, ಆಮೇಲೆ ಕೊಡದೇ ಇದ್ರೆ ಕೋರ್ಟಿಗೆ ಎಳೀತಾರೆ ಅಂತ ಹೆದರಿಕೆ."

"ಅಕ್ಕ ಇಲ್ಲ. ಅವಳು ಬರೋವರೆಗೂ ತಡೀರಿ."

"ತಡೆದ್ರೆ ಚುನಾವಣೆ ಬಂದ್ಬಿಡುತ್ತೆ. ಹೊಸ ಮಂತ್ರಿ ಬರ್ತಾನೆ, ಮೊದಲಿಂದ ಶುರು. ಇದರಲ್ಲಿ ಇನ್ನೂ ಏನೇನಿದೆ ಗೊತ್ತಲ್ಲ. ಪಟ್ಟಣದ ಹುಡುಗೀರಿಗೆ, ಲಾರಿ ಡ್ರೈವರ್‌ಗಳಿಗೆ, ಜೈಲಿಗೆ. ನಾಲ್ಕು ಪದಕ್ಕೋಸ್ಕರ ಇಡೀ ನೀತೀನೇ ನಿಲ್ಲಿಸ್ತೀಯಾ? ಮುಂದಿನ ಸಲ ತೆಗೆಸೋಣ."

ನಾನು ಎರಡು ದಿನ ಯೋಚನೆ ಮಾಡಿದೆ. ಸಂಘದಲ್ಲಿ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರೋ ಏನೋ, ಅದಕ್ಕೇ ಕೇಳಲಿಲ್ಲ ಅಂತ ಈಗ ಅನಿಸುತ್ತದೆ. ಶುಕ್ರವಾರ ಮಧ್ಯಾಹ್ನ ರುಫಿನಾಳ ಹೆಸರಿನ ಎದುರು, ಅವಳ ಪರವಾಗಿ ಅಂತ ಬರೆದು ಸಹಿ ಹಾಕಿದೆ.

ಅವಳು ವಾಪಸು ಬಂದು, "ನಮ್ಮ ವಾಕ್ಯ ಇದೆಯಾ?" ಅಂತ ಕೇಳಿದಳು.

"ಇದೆ ಅಕ್ಕ," ಅಂದೆ. ಅದು ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಪುಸ್ತಕ ಬಿಡುಗಡೆಯಾಯಿತು. ಭಾಷಣಗಳಾದವು. ಅವಳು ಒಂದು ಪ್ರತಿ ಮನೆಗೆ ಒಯ್ದು ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟಳು. ನಾನು ಹೇಳಲು ಬಾಯಿ ತೆರೆದ ದಿನಗಳಿವೆ. ಪ್ರತಿ ಸಲವೂ ಬೇರೆ ಮಾತು ಹೊರಬಂತು.

ಐದು ತಿಂಗಳ ಮೇಲೆ ಮಿಯಾರಿಯಿಂದ ಪಟ್ಟಣಕ್ಕೆ ಕಾಫಿಬೀಜ ಹೊತ್ತು ತಂದವನೊಬ್ಬ ಅಲ್ಲಿಂದ ಫೋನ್ ಮಾಡಿದ. ರುಫಿನಾಳ ತಂಗಿಯ ಮಗಳು ಅಪೊಲೋನಿಯಾ ಬಸುರಿ. ಹತ್ತೊಂಬತ್ತು ವರ್ಷ. ಉಪಕೇಂದ್ರದಲ್ಲಿ ರಕ್ತ ನೋಡಿದ್ದಾರೆ, ಸೋಂಕಿದೆ. ಹೆರಿಗೆಗೆ ಇನ್ನೂ ಎರಡು ತಿಂಗಳಿದೆಯಂತೆ.

ರುಫಿನಾ ಗಾಬರಿಯಾಗಲಿಲ್ಲ. "ಈಗ ಅಲ್ಲೇ ಕೊಡ್ತಾರಲ್ಲ," ಅಂದಳು. ನನ್ನ ಮುಖ ನೋಡಿ, "ಕೊಡ್ತಾರೆ ತಾನೇ?" ಅಂದಳು.

"ಔಷಧ ಇನ್ನೂ ಎಲ್ಲ ಕಡೆ ಮುಟ್ಟಿರಲಿಕ್ಕಿಲ್ಲ. ಹೋಗಿ ನೋಡೋಣ. ನಾನೂ ಬರ್ತೀನಿ."

ಮಿಷನ್ನಿನ ಸಣ್ಣ ವಿಮಾನಕ್ಕೆ ಜಾಗ ಸಿಗಲು ಮೂರು ವಾರ ಕಾದೆವು. ಚಿಕಿತ್ಸಾಲಯದಲ್ಲಿ ರುಫಿನಾಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟಿದ್ದರು. ಬೇರೆಯವರ ಹೆಸರಿನಲ್ಲಿ ಕೊಡುವಂತಿಲ್ಲ. ಅಪೊಲೋನಿಯಾಗೆ ಅಂತ ಆ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡಳು.

"ನೀನೇನು ನುಂಗ್ತೀಯ?" ಅಂದೆ.

"ನಿನ್ನದ್ರಲ್ಲಿ ಅರ್ಧ."

"ನಾನು?"

"ನೀನು ಸಮುದ್ರದೋನು. ಮೀನು ತಿಂದು ಗಟ್ಟಿ ಇದೀಯ."

ವಿಮಾನ ಬೆಟ್ಟದ ನೆತ್ತಿಯ ಹುಲ್ಲಿನ ಮೇಲೆ ಇಳಿಯಿತು. ಊರಿನವರು ಸುತ್ತ ನಿಂತು ನೋಡುತ್ತಿದ್ದರು. ಅವರ ನಡುವೆ ತೆಳ್ಳಗಿನ ಹುಡುಗಿಯೊಬ್ಬಳು ಎದೆಗೆ ಚೀಲ ತೂಗುಹಾಕಿಕೊಂಡು ನಿಂತಿದ್ದಳು. ಚೀಲದೊಳಗೆ ಮಗು.

"ಯಾವಾಗ?" ಅಂತ ರುಫಿನಾ ಕೇಳಿದಳು.

"ಇಪ್ಪತ್ತು ದಿನ ಆಯ್ತು ದೊಡ್ಡಮ್ಮ. ಮುಂಚೇನೇ ಬಂದ್ಬಿಟ್ಟ."

"ಮಾತ್ರೆ ಕೊಟ್ರಾ?"

ಅಪೊಲೋನಿಯಾ ಇಲ್ಲ ಅಂತ ತಲೆಯಾಡಿಸಿದಳು. "ಯೋನಾ ಅಣ್ಣ ಪಟ್ಟಣಕ್ಕೆ ಹೋಗು ಅಂತ ಚೀಟಿ ಬರೆದುಕೊಟ್ರು. ಒಂದ್ಸಲ ಹೊರಟಿದ್ದೆ. ಹೊಳೆ ತುಂಬಿತ್ತು, ಹಗ್ಗದ ಸೇತುವೆ ಕಿತ್ಕೊಂಡು ಹೋಗಿತ್ತು. ಇನ್ನೊಂದ್ಸಲ ವಿಮಾನ ಬರುತ್ತೆ ಅಂದ್ರು. ಮೂರು ದಿನ ಇಲ್ಲೇ ಕೂತಿದ್ದೆ. ಮೋಡ ಇತ್ತು, ಬರ್ಲಿಲ್ಲ." ಏನೋ ತಪ್ಪು ಮಾಡಿದವಳಂತೆ ಹೇಳಿದಳು.

ಯೋನಾ ಅಂದರೆ ಉಪಕೇಂದ್ರದ ಆರೋಗ್ಯ ಕಾರ್ಯಕರ್ತ. ಎರಡು ಕೋಣೆಯ ಹಲಗೆ ಮನೆ. ಅವನು ರುಫಿನಾಳನ್ನು ನೋಡಿ ಎದ್ದು ನಿಂತ, ಒಳಗೆ ಹೋಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಪುಸ್ತಕ ತಂದ. ಮುಖಪುಟದಲ್ಲಿ ಅವಳೇ.

"ಇದು ಬಂತು ಅಕ್ಕ. ಹತ್ತು ಪ್ರತಿ ಬಂತು. ನೀವು ನಮ್ಮೂರಿನವರು ಅಂತ ಎಲ್ರಿಗೂ ತೋರಿಸ್ದೆ."

"ಮಾತ್ರೆ?"

"ಮಾತ್ರೆ ಬಂದಿಲ್ಲ."

"ಪುಸ್ತಕದಲ್ಲಿ ಬರೆದಿದೆಯಲ್ಲ, ಇಲ್ಲೇ ಕೊಡ್ಬೇಕು ಅಂತ. ನೀನು ಕೇಳ್ಬೇಕಿತ್ತು."

"ಕೇಳ್ದೆ ಅಕ್ಕ. ಎರಡು ಸಲ ಬರೆದೆ. ನಾನು ತರಬೇತಿ ಆದೋನಲ್ಲ. ನಿಮ್ಮದು ಮೊದಲ ಹಂತದಲ್ಲಿ ಇಲ್ಲ ಅಂತ ಉತ್ತರ ಬಂತು." ಅವನು ಪುಟ ತೆರೆದು ಬೆರಳಿಟ್ಟು ಇಂಗ್ಲಿಷಿನಲ್ಲಿ ಓದಿದ, ಆಮೇಲೆ ನಿಧಾನವಾಗಿ ನಮ್ಮ ಮಾತಿನಲ್ಲಿ ಹೇಳಿದ. ಸೌಲಭ್ಯ ಮತ್ತು ತರಬೇತಿ ಪಡೆದ ಸಿಬ್ಬಂದಿ ಇರುವ ಕಡೆ. ಹಂತ ಹಂತವಾಗಿ. "ನಮ್ಮಲ್ಲಿ ಎರಡೂ ಇಲ್ಲ."

ರುಫಿನಾ ಪುಸ್ತಕ ತೆಗೆದುಕೊಂಡಳು. ಓದಲು ಬಾರದ ಆ ಸಾಲನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದು ಯಾವಾಗ ಬಂತು ಮೊರಿಯಾ?"

"ನೀನು ಅಣ್ಣನ ಮಣ್ಣಿಗೆ ಬಂದಿದ್ದಾಗ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ನಾನೇ ಸಹಿ ಹಾಕ್ದೆ. ನಿನ್ನ ಹೆಸರಲ್ಲಿ."

ಅವಳು ಪುಸ್ತಕ ಮುಚ್ಚಿ ಯೋನಾನ ಕೈಗೆ ಕೊಟ್ಟಳು, ಚೀಲದಿಂದ ತನ್ನ ಮಾತ್ರೆಯ ಡಬ್ಬಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು, ಅಪೊಲೋನಿಯಾಳನ್ನು ಹತ್ತಿರ ಕೂರಿಸಿಕೊಂಡು ಯಾವ ಹೊತ್ತಿಗೆ ನುಂಗಬೇಕು, ತಲೆ ತಿರುಗಿದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಳು. ಮಗುವಿಗೆ ಕುಡಿಸುವ ಔಷಧ ನಮ್ಮ ಹತ್ತಿರ ಇರಲಿಲ್ಲ. ಮಗು ಇನ್ನೂ ಹುಟ್ಟಿಲ್ಲ ಅಂದುಕೊಂಡು ಬಂದಿದ್ದೆವು.

ಯೋನಾ ಮಗುವಿನ ಹಿಮ್ಮಡಿ ಚುಚ್ಚಿ ಪರೀಕ್ಷೆಯ ಕಾಗದದ ಮೇಲೆ ನಾಲ್ಕು ಹನಿ ರಕ್ತ ಇಳಿಸಿದ. ಅದು ಒಣಗಿದ ಮೇಲೆ ರಾಜಧಾನಿಯ ಪ್ರಯೋಗಾಲಯಕ್ಕೆ ಮುಟ್ಟಬೇಕು. ನಾವೇ ಒಯ್ಯುತ್ತೇವೆ ಅಂದೆವು.

ತಾಯಿ ಮಗುವನ್ನೂ ಕರೆದೊಯ್ಯಬೇಕು ಅಂತ ರುಫಿನಾ ಹಟ ಹಿಡಿದಳು. ಹುಡುಗಿಯ ಗಂಡನ ಅಪ್ಪ ಬಂದು ಅಂಗಳದಲ್ಲಿ ಕೂತ. ಮುದುಕ, ಮೆಲುದನಿ.

"ಹುಡುಗಿಗೆ ತೆರ ಅಂತ ಹಂದಿ ಕೊಟ್ಟಿದೀವಿ. ಮಗು ನಮ್ಮ ಕುಲದ್ದು. ನಿನ್ನ ಜೊತೆ ಕಳಿಸಿದ್ರೆ ವಾಪಸು ಬರುತ್ತೆ ಅಂತ ಯಾರು ಹೇಳ್ತಾರೆ? ನೀನೇ ವಾಪಸು ಬರ್ಲಿಲ್ಲ."

"ನಾನು ಯಾಕೆ ಬರ್ಲಿಲ್ಲ ಅಂತ ನಿಂಗೆ ಗೊತ್ತಲ್ಲ ಹಿರಿಯಾ."

"ಗೊತ್ತು. ಅದು ಬೇರೆ ಮಾತು."

"ಮಗೂಗೆ ಔಷಧ ಬೇಕು."

"ಹಾಗಾದ್ರೆ ಔಷಧ ಇಲ್ಲಿಗೆ ಕಳಿಸು," ಅಂದ ಅವನು. ರುಫಿನಾ ಹಟ ಬಿಟ್ಟು ಎದ್ದಳು. ಹದಿನಾಲ್ಕು ತಿಂಗಳು ಅವಳು ಡಾಕ್ಟರುಗಳಿಗೆ ಹೇಳಿದ್ದೂ ಅದನ್ನೇ.

ವಿಮಾನಕ್ಕಾಗಿ ಎರಡು ದಿನ ಹುಲ್ಲಿನ ಮೇಲೆ ಕಾದೆವು. ಮೊದಲ ದಿನ ಅವಳು ಸುಟ್ಟ ಗೆಣಸು ಮಾತ್ರ ಮುರಿದು ನನ್ನ ಕಡೆ ಚಾಚಿದಳು. ಎರಡನೆಯ ದಿನ ಮಧ್ಯಾಹ್ನ ಮೋಡ ನೋಡುತ್ತ ಕೂತಿದ್ದಾಗ ತಾನೇ ಶುರುಮಾಡಿದಳು.

"ಆ ನಾಲ್ಕು ಪದ ಇಲ್ದೇ ಇದ್ದಿದ್ರೆ ಮಾತ್ರೆ ಬರ್ತಿತ್ತಾ?"

"ಗೊತ್ತಿಲ್ಲ ಅಕ್ಕ."

"ನಂಗೆ ಗೊತ್ತು. ಬರ್ತಿರ್ಲಿಲ್ಲ." ಬಾಯಲ್ಲಿದ್ದ ಅಡಿಕೆ ಉಗಿದಳು. "ಆದ್ರೆ ಯೋನಾ ಎರಡು ಸಲ ಬರೆದ್ನಲ್ಲ, ಆ ಕಾಗದದಲ್ಲಿ, ನೀವು ಕೊಡ್ಬೇಕು ಅಂತ ನೀವೇ ಬರೆದಿದೀರ ಅನ್ನೋಕೆ ಅವನಿಗೆ ಒಂದು ಸಾಲು ಇರ್ತಿತ್ತು. ನಂಗೂ ಇರ್ತಿತ್ತು. ಹಿಡ್ಕೊಂಡು ಜಗಳ ಆಡಕ್ಕೆ. ನಾನು ಮಾತ್ರೆ ಗೆದ್ದೆ ಅಂತ ಯಾವತ್ತೂ ಅಂದ್ಕೊಂಡಿರ್ಲಿಲ್ಲ ಮೊರಿಯಾ. ಜಗಳ ಆಡೋ ಹಕ್ಕು ಗೆದ್ದೆ ಅಂದ್ಕೊಂಡಿದ್ದೆ. ನೀನು ಅದನ್ನ ಕೊಟ್ಟುಬಿಟ್ಟೆ."

"ಬೇರೆಯವರಿಗೆ ಅನುಕೂಲ ಆಗುತ್ತೆ ಅಂತ..."

"ಆಗಿರುತ್ತೆ. ಪಟ್ಟಣದಲ್ಲಿ ಆಗಿರುತ್ತೆ."

ಕ್ಷಮಿಸು ಅಂದೆ. ಅವಳು ಕೇಳಿಸದವಳಂತೆ ಎದ್ದು ನಿಂತಳು. ಆ ದಿನವೂ ವಿಮಾನ ಬರಲಿಲ್ಲ, ಮಾರನೆಯ ಬೆಳಿಗ್ಗೆ ಬಂತು.

ರಕ್ತದ ಕಾಗದವನ್ನು ನಾನೇ ಪ್ರಯೋಗಾಲಯಕ್ಕೆ ಕೊಟ್ಟೆ. ಫಲಿತಾಂಶ ಬರದೆ ಮಗುವಿನ ಔಷಧ ಕೊಡುವುದಿಲ್ಲ ಅಂದರು. ವಾರಕ್ಕೊಮ್ಮೆ ಹೋಗಿ ಕೇಳಿದೆ. ಯಂತ್ರಕ್ಕೆ ಹಾಕುವ ದ್ರಾವಣ ಮುಗಿದಿತ್ತು, ಆಮೇಲೆ ಬಂತು, ಆಮೇಲೆ ಸರತಿ. ಹತ್ತನೆಯ ವಾರ ಫಲಿತಾಂಶ ಕೈಗೆ ಬಂತು, ಸೋಂಕು ಇದೆ ಅಂತ. ಮಗುವಿನ ಔಷಧದ ಬಾಟಲಿ ಆ ದಿನವೇ ಸಿಕ್ಕಿತು. ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ವಿಮಾನದವರಿಗೆ ಕೊಟ್ಟು ಬಂದೆ. ಮರುವಾರ ಅದೇ ಪೆಟ್ಟಿಗೆ ವಾಪಸು ಬಂತು, ಯೋನಾ ಇಂಗ್ಲಿಷಿನಲ್ಲಿ ಬರೆದ ಚೀಟಿಯ ಜೊತೆ. ಮಗುವಿಗೆ ಉಸಿರಾಟದ ತೊಂದರೆಯಾಗಿ ಹೋಗಿಬಿಟ್ಟಿತು, ಹದಿನೈದು ದಿನವಾಯಿತು, ಬಾಟಲಿ ಬೇರೆ ಯಾರಿಗಾದರೂ ಉಪಯೋಗಕ್ಕೆ ಬರಲಿ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲವಂತೆ.

ಚೀಟಿಯನ್ನು ರುಫಿನಾಗೆ ಓದಿ ಹೇಳಿದೆ. ಅವಳು ಗೆಣಸಿನ ಗುಡ್ಡೆಗಳನ್ನು ಸರಿಮಾಡುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, "ಅಪೊಲೋನಿಯಾ ಮಾತ್ರೆ ನುಂಗ್ತಿದಾಳಾ, ಬರೆದಿದಾನಾ?" ಅಂದಳು.

"ಬರೆದಿಲ್ಲ."

"ನುಂಗ್ತಿಲ್ಲ ಹಾಗಾದ್ರೆ," ಅಂದಳು. ಅದು ನಿಜವಾಗಿತ್ತು ಅಂತ ಆಮೇಲೆ ತಿಳಿಯಿತು. ಮಗು ಹೋದ ಮೇಲೆ ಹುಡುಗಿ ಡಬ್ಬಿಗಳನ್ನು ಯೋನಾಗೆ ಹಿಂದಿರುಗಿಸಿ, ಯಾರಿಗೋಸ್ಕರ ಅಂತ ಕೇಳಿದ್ದಳಂತೆ.

ರುಫಿನಾ ಸಮಿತಿಗೆ ಮತ್ತೆ ಹೋಗಲಿಲ್ಲ. ಡಾಕ್ಟರ್ ಕಾನಾವಿ ಮಾರುಕಟ್ಟೆಗೇ ಬಂದು ಕರೆದ. ಅವಳು ಅವನಿಗೆ ಎರಡು ಕಟ್ಟು ಸೊಪ್ಪು ಕೊಟ್ಟು, ದುಡ್ಡು ತೆಗೆದುಕೊಂಡು, ಚಿಲ್ಲರೆ ವಾಪಸು ಕೊಟ್ಟಳು. ಅವಳ ಜಾಗಕ್ಕೆ ಸಂಘ ನನ್ನನ್ನು ಕಳಿಸಿತು. ಬೇರೆ ಯಾರೂ ಒಪ್ಪಲಿಲ್ಲ, ಇಂಗ್ಲಿಷ್ ಬರುವವನು ನಾನೊಬ್ಬನೇ.

ವಾರ್ಷಿಕ ಪರಿಶೀಲನೆಯ ಸಭೆಯಲ್ಲಿ ನನಗೆ ಮೂರು ನಿಮಿಷ ಕೊಟ್ಟರು. ಮಿಯಾರಿಯ ವಿಷಯ ಹೇಳಿದೆ. ಆ ಪದಗಳನ್ನು ತೆಗೆಯಬೇಕು ಅಂದೆ. ಸಹಿ ಹಾಕಿದ್ದು ನಾನು, ನಂದೇ ತಪ್ಪು ಅಂತಲೂ ಅಂದೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಡಾಕ್ಟರ್ ಕೆಳಗೆ ನೋಡುತ್ತ, ನೀತಿಯ ಅವಧಿ ಐದು ವರ್ಷ, ನಡುವೆ ತಿದ್ದುವ ಹಾಗಿಲ್ಲ, ಮುಂದಿನ ಕರಡಿನಲ್ಲಿ ಖಂಡಿತ ಚರ್ಚಿಸೋಣ ಅಂದ. ವಿದೇಶದಿಂದ ಬಂದಿದ್ದ ಹೆಂಗಸೊಬ್ಬಳು ಟೀ ಹೊತ್ತಿಗೆ ನನ್ನ ಹತ್ತಿರ ಬಂದು, ನಿಮ್ಮ ಕತೆ ತುಂಬ ಮನಸ್ಸಿಗೆ ತಟ್ಟಿತು ಅಂದಳು.

ಮಿಯಾರಿ ಎರಡನೆಯ ಹಂತದ ಪಟ್ಟಿಗೆ ಬಂದದ್ದು ಮೂರು ವರ್ಷದ ಮೇಲೆ. ತರಬೇತಿಗೆ ಬಾ ಅಂತ ಯೋನಾಗೆ ಕಾಗದ ಹೋಯಿತು. ಅಷ್ಟರಲ್ಲಿ ಅವನು ಕೆಲಸ ಬಿಟ್ಟು ಕಾಫಿ ವ್ಯಾಪಾರಕ್ಕೆ ಇಳಿದಿದ್ದ. ಉಪಕೇಂದ್ರಕ್ಕೆ ಬೀಗ ಬಿದ್ದಿತ್ತು. ಅಪೊಲೋನಿಯಾ ಅದಕ್ಕೂ ಹಿಂದಿನ ವರ್ಷ ತೀರಿಕೊಂಡಿದ್ದಳು.

ಈಗ ಹೊಸ ನೀತಿಯ ಕರಡು ಶುರುವಾಗಿದೆ. ಮೊದಲ ಸಭೆಯ ದಿನ ಬೆಳಿಗ್ಗೆ ಮಾರುಕಟ್ಟೆಯ ಮುಂದೆ ಬಸ್ಸಿಗೆ ನಿಂತಿದ್ದಾಗ ರುಫಿನಾ ಕಂಡಳು. ಮೈ ಇಳಿದುಹೋಗಿದೆ, ಕೆಮ್ಮು ಬಿಟ್ಟಿಲ್ಲ.

"ಹೊರಟ್ಯಾ?"

"ಹ್ಞೂಂ. ಹೋಗಿ ಏನ್ ಮಾಡ್ಲಿ ಅಂತ ಅನ್ಸುತ್ತೆ ಅಕ್ಕ."

"ಏನೂ ಆಗಲ್ಲ," ಅಂದಳು. "ಆದ್ರೂ ಹೋಗು. ನೀನು ಹೋಗ್ದೇ ಇದ್ರೆ ಅವರಿಗೆ ಬೇಗ ಮುಗಿಯುತ್ತೆ. ಅಷ್ಟು ಸುಲಭ ಯಾಕೆ ಮಾಡ್ಕೊಡ್ಬೇಕು?"

ಹಳೆಯ ವಾಕ್ಯವನ್ನೇ ಮತ್ತೆ ಟೈಪ್ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದೆ. ಅವಳಿಗೆ ತೋರಿಸಲಿಲ್ಲ. ಬಸ್ಸು ಬಂತು, ಹತ್ತಿದೆ. ಅಲ್ಲಿಗೆ ಹೋದರೆ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಸಭೆ ಮುಂದಕ್ಕೆ ಹೋಗಿತ್ತು, ದಿನಾಂಕ ಬರೆದಿರಲಿಲ್ಲ.